ಅಮ್ಮನ ಪಾಠದ ದನಿ

“ಅಮ್ಮಾ, ಕತೆ ಓದ್ತೀಯಾ?”

“ಒಂದ್ನಿಮಿಷ ಪುಟ್ಟಿ.”

ಅಮ್ಮ ಲ್ಯಾಪ್‌ಟಾಪಿನಿಂದ ಕಣ್ಣು ಕೀಳಲಿಲ್ಲ. ಆಫೀಸಿಗೆ ಹೊಸದಾಗಿ ಸೇರಿದ ಮೂವರಿಗೆ ಅವಳು ಸಂಜೆ ಹೊತ್ತು ಮನೆಯಿಂದಲೇ ಪ್ರೋಗ್ರಾಮಿಂಗ್ ಪಾಠ ಹೇಳುತ್ತಿದ್ದಳು. ಪುಟ್ಟಿ ಕತೆಪುಸ್ತಕ ಅವುಚಿಕೊಂಡು ಅಡುಗೆಮನೆ ಬಾಗಿಲಲ್ಲಿ ಕೂತಳು. ಈ ಹೊಸಬರು ಬಂದ ಮೇಲೆ ಅವಳ ಕತೆಗೆ ಕತ್ತರಿ ಬಿದ್ದಿತ್ತು.

“ಮೇಡಂ, ನಂಗಿನ್ನೂ ಅರ್ಥ ಆಗ್ಲಿಲ್ಲ, ಸಾರಿ,” ಎಂದಿತು ಲ್ಯಾಪ್‌ಟಾಪಿನೊಳಗಿಂದ ಒಂದು ಹೆದರಿದ ದನಿ.

“ಸಾರಿ ಯಾಕೆ? ಇನ್ನೊಂದ್ಸಲ ನೋಡೋಣ,” ಎಂದಳು ಅಮ್ಮ.

ಅವಸರವಿಲ್ಲದ, ಬೆಚ್ಚಗಿನ ದನಿ. ಪುಟ್ಟಿಗೆ ಮಗ್ಗಿ ಕಲಿಸಿದ್ದು, ಮಲಗುವಾಗ ಕತೆ ಓದುತ್ತಿದ್ದುದು ಇದೇ ದನಿ. ಅದೀಗ ಗುರುತು ಪರಿಚಯವಿಲ್ಲದವರ ಪಾಲಾಗಿತ್ತು. ಪುಟ್ಟಿಗೆ ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚಾಗಿ, ಆ ದನಿ ತನಗೇ ಬೇಕೆನಿಸಿತು.

“ಪ್ಯೂರ್ ಫಂಕ್ಷನ್ ಅನ್ನೋದು ಪ್ರೋಗ್ರಾಮಿನ ಒಂದು ತುಣುಕು. ಅದಕ್ಕೆ ಅದೇ ಇನ್‌ಪುಟ್ ಕೊಟ್ರೆ ಯಾವಾಗ್ಲೂ ಅದೇ ಔಟ್‌ಪುಟ್. ಎರಡಕ್ಕೆ ಮೂರು ಕೂಡಿಸಿದ್ರೆ ಇವತ್ತೂ ಐದು, ನಾಳೆನೂ ಐದು. ಹೊರಗಡೆ ಏನಾಗ್ತಿದೆ ಅಂತ ಅದು ನೋಡೋದೂ ಇಲ್ಲ, ಅಲ್ಲಿ ಏನನ್ನೂ ಬದಲಾಯಿಸೋದೂ ಇಲ್ಲ. ಯಾರಾದ್ರೂ ಇನ್ನೊಂದು ಉದಾಹರಣೆ ಕೊಡಿ.”

ಪುಟ್ಟಿ ಎದ್ದು ಬಂದು ಕ್ಯಾಮೆರಾ ಮುಂದೆ ಮೂತಿ ತೂರಿಸಿದಳು.

“ನಾನು ಹೇಳ್ತೀನಿ. ನಮ್ಮಮ್ಮ. ‘ಕತೆ ಓದ್ತೀಯಾ’ ಅಂತ ಯಾವಾಗ ಕೇಳಿದ್ರೂ ‘ಒಂದ್ನಿಮಿಷ’. ಹೊರಗಡೆ ನಾನು ಅಳ್ತಾ ಕೂತಿದ್ರೂ ನೋಡಲ್ಲ.”

ಮೂವರೂ ನಕ್ಕರು. “ಈಗ ಅರ್ಥ ಆಯ್ತು ಮೇಡಂ,” ಎಂದ ಹೆದರಿದ ದನಿಯವನು.

ಅಮ್ಮನೂ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. “ಉದಾಹರಣೆ ಸರಿಯಾಗಿದೆ,” ಎಂದಳು ಮೆಲ್ಲಗೆ. ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾಠ ಮುಗಿಯುವ ತನಕ ಅವಳ ಕೈ ಬಿಡಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿದ್ದೇ ತಡ, ಅಮ್ಮ ತಾನೇ ಪುಸ್ತಕ ಬಿಡಿಸಿದಳು. ಮೊದಲ ಸಾಲಿಗೇ ದನಿ ಒಡೆಯಿತು. ಕೆಮ್ಮಿದಳು, ನೀರು ಕುಡಿದು ಮತ್ತೆ ಓದಲು ನೋಡಿದಳು. ಬರೀ ಗೊರಗೊರ ಸದ್ದು ಬಂತು.

“ಸ್ವಲ್ಪ ತಾಳು ಪುಟ್ಟಿ, ಓದ್ತೀನಿ,” ಎಂದಳು. ಅವಳ ಕಣ್ಣಂಚು ಒದ್ದೆಯಾಗಿತ್ತು.

ಪುಟ್ಟಿಗೆ ಬೇಕಿದ್ದ ದನಿ ಪಾಠದಲ್ಲೇ ಇವತ್ತಿಗೆ ಖಾಲಿಯಾಗಿಹೋಗಿತ್ತು. ಅಳುವಂತಾಯಿತು. ಅಳಲಿಲ್ಲ, ಪುಸ್ತಕ ಎಳೆದುಕೊಂಡಳು.

“ನಾನು ಓದ್ತೀನಿ. ನೀನು ಕೇಳು.”

ಅಮ್ಮ ಅವಳ ಪುಟ್ಟ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಪುಟ್ಟಿ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತ ಓದಿದಳು. ಪುಟದ ಕೊನೆಯಲ್ಲಿ ಉಸಿರೆಳೆದುಕೊಳ್ಳಲು ನಿಂತಳು.

“ಆಮೇಲೆ?” ಎಂದಳು ಅಮ್ಮ, ಕಣ್ಣು ತೆರೆಯದೆ.

ಈ ಕತೆ ಇಷ್ಟು ದಿನ ಅಮ್ಮನಿಗೂ ಬೇಕಾಗಿತ್ತು ಎಂದು ಪುಟ್ಟಿಗೆ ಆಗ ಹೊಳೆಯಿತು. ಅಮ್ಮನ ತಲೆ ಅಲುಗದಂತೆ ಮೆಲ್ಲಗೆ ಪುಟ ತಿರುಗಿಸಿದಳು.