ಎರಡನೇ ಸಲ ಕೇಳದವನು

ಅರ್ದೆಸ್ತಾನದ ಬಸ್ಸು ಇಸ್ಫಹಾನಿನ ನಿಲ್ದಾಣಕ್ಕೆ ಬಂದು ನಿಂತರೂ ಗೌಹರ್ ಸೀಟು ಬಿಟ್ಟು ಏಳಲಿಲ್ಲ. ಕಿಟಕಿಯ ಪರದೆಯನ್ನು ಬೆರಳಷ್ಟು ಸರಿಸಿ ನೋಡಿದಳು. ಕಂಬದ ಪಕ್ಕ ನಿಂತಿದ್ದವನೇ ಯೂನೆಸ್. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಹಾಕಿಕೊಂಡ. ಮತ್ತೆ ತೆಗೆದ.

"ನೋಡೇ, ಕನ್ನಡಕದ ಅಂಗಡಿ ಇಟ್ಕೊಂಡಿದ್ದಾನೆ, ಒರೆಸೋಕೆ ಒಂದು ತುಂಡು ಬಟ್ಟೆ ಇಲ್ಲ. ಇಸ್ಫಹಾನಿನವರ ಜಿಪುಣತನ ಅಂದ್ರೆ ಸುಮ್ನೆನಾ?" ಎಂದರು ಸೋದರತ್ತೆ ಮೊನೀರ್. "ಏಳು ತಾಯಿ. ಬಿಸ್ಮಿಲ್ಲಾ ಅನ್ನು, ಬಲಗಾಲಿಟ್ಟು ಇಳಿ."

ಗೌಹರ್ ಬಿಸ್ಮಿಲ್ಲಾ ಅಂದಳು. ಬಲಗಾಲಿಟ್ಟೇ ಇಳಿದಳು.

ಹಿಂದಿನ ತಿಂಗಳು ಯೂನೆಸನ ಮನೆಯವರು ಹೆಣ್ಣು ಕೇಳಿಕೊಂಡು ಬಂದು, ಚಹಾ ಕುಡಿದು ಹೋಗಿದ್ದರು. ಅಪ್ಪ ಒತ್ತಾಯ ಮಾಡಲಿಲ್ಲ. "ಅತ್ತೆ ಜೊತೆ ಒಂದು ದಿನ ಇಸ್ಫಹಾನ್ ನೋಡ್ಕೊಂಡು ಬಾ ಮಗಳೇ. ಊರನ್ನೂ ನೋಡು, ಹುಡುಗನನ್ನೂ ನೋಡು. ಸಂಜೆ ಬಸ್ಸು ಹತ್ತೋ ಮುಂಚೆ ಅವನಿಗೆ ಒಂದು ಮಾತು ಹೇಳಿಬಿಡು," ಎಂದಿದ್ದರು. ಒಂದು ಹಗಲಿನಲ್ಲಿ ಒಬ್ಬ ಗಂಡಸಿನ ಒಳಗನ್ನು ನೋಡುವುದು ಹೇಗೆ?

ಅಕ್ಕ ಮಾಹಿನಳಿಗೂ ಹೀಗೇ ಒಂದು ದಿನ ಸಿಕ್ಕಿತ್ತು. ಆ ಭಾವನ ಮಾತು ಜೇನಿನಂತಿತ್ತು. 'ನಿಮ್ಮ ಪಾದದ ಧೂಳು ನಾನು', 'ನಿಮಗಾಗಿ ಪ್ರಾಣ ಕೊಟ್ಟೇನು'. ಅಕ್ಕನ ಮನಸ್ಸು ಮಾತ್ರ ಯಾಕೋ ಒಪ್ಪಿರಲಿಲ್ಲ. 'ಬೇಡ' ಅಂದಳು. ಎಲ್ಲರೂ ನಕ್ಕರು, ತಾರೂಫ್ ಮಾಡ್ತಾಳೆ ಅಂದರು. ಆ ನಾಡಿನ ಮರ್ಯಾದೆಯೇ ಹಾಗೆ. ಕೊಟ್ಟದ್ದನ್ನು ಎರಡು ಸಲ ಬೇಡವೆನ್ನಬೇಕು, ಮೂರನೆಯ ಸಲಕ್ಕೆ ತೆಗೆದುಕೊಳ್ಳಬೇಕು. ಅಕ್ಕ ಎರಡನೇ ಸಲವೂ ಬೇಡವೆಂದಳು. ಮೂರನೇ ಸಲ ಅವಳ ದನಿ ಯಾರಿಗೂ ಕೇಳಿಸಲಿಲ್ಲ, ಅಷ್ಟರಲ್ಲಿ ಮಿಠಾಯಿ ಹಂಚಿಯಾಗಿತ್ತು. ಈಗ ಅವಳ ಮನೆಯಲ್ಲಿ ತಟ್ಟೆಗಳು ಒಡೆಯುತ್ತವೆ. ಹಬ್ಬಕ್ಕೆ ತವರಿಗೆ ಬಂದಾಗ ಉದ್ದ ತೋಳಿನ ಅಂಗಿ ಹಾಕಿಕೊಂಡೇ ಇರುತ್ತಾಳೆ, ಬೇಸಿಗೆಯಲ್ಲೂ.

ಸಿಹಿ ಮಾತು ಕಿವಿಗೆ ಬಿದ್ದರೆ ಗೌಹರಳ ಎದೆ ಹೆಪ್ಪುಗಟ್ಟುತ್ತಿದ್ದುದು ಅದಕ್ಕೇ.

ಊರ ನಡುವಿನ ದೊಡ್ಡ ಮೈದಾನದ ಸುತ್ತ ಕುದುರೆಗಾಡಿ ಹತ್ತಬೇಕು ಎಂದರು ಅತ್ತೆ. ಹತ್ತಿದ್ದಾಯಿತು. ಮಸೀದಿಯ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಬೇಕು ಎಂದರು. ತಟ್ಟಿದ್ದೂ ಆಯಿತು.

"ಅರ್ದೆಸ್ತಾನಕ್ಕೆ ಹೋದ ಮೇಲೆ ಅದು ನೋಡಿದ್ಯಾ ಇದು ನೋಡಿದ್ಯಾ ಅಂತ ನೆರೆಯವಳು ಪ್ರಾಣ ತಿಂತಾಳೆ ಯೂನೆಸ್ ಆಗಾ. ಒಂದೂ ಬಿಡೋ ಹಾಗಿಲ್ಲ," ಎಂದರು, ಅವನ ಹೆಸರಿಗೆ ಗೌರವದ 'ಆಗಾ' ಸೇರಿಸಿ.

"ನಿಮ್ಮ ಅಪ್ಪಣೆ ನನ್ನ ತಲೆ ಮೇಲೆ," ಎಂದ ಯೂನೆಸ್. ಗೌಹರ್ ನೆಲ ನೋಡಿದಳು. ಅದೇ ಜೇನು.

ಬಜಾರಿನ ಬಾಯಲ್ಲಿ ಅವನು ಗಜ್ ಮಿಠಾಯಿಯ ಡಬ್ಬಿ ಕೊಂಡು, ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ. ಹಿಟ್ಟಿನಲ್ಲಿ ಹೂತ ಬಿಳಿಯ ತುಂಡುಗಳು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. "ಬೇಡ, ಥ್ಯಾಂಕ್ಸ್," ಎಂದಳು. ಮತ್ತೆ ಹಿಡಿದ. "ಬೇಡ, ನಿಜವಾಗ್ಲೂ." ಮೂರನೆಯ ಸಲ ಒಂದು ತುಂಡು ತೆಗೆದುಕೊಂಡಳು.

ಕಣ್ಣೆತ್ತಿದಾಗ ಅವನ ಕಣ್ಣು ಸಿಕ್ಕಿತು. ಗಾಜಿನ ಹಿಂದೆ ಕಂದು ಬಣ್ಣದ, ಸ್ವಲ್ಪ ದಣಿದ ಕಣ್ಣು.

"ನಿಮ್ಮ ದೃಷ್ಟಿ ಚೆನ್ನಾಗಿದೆ ಗೌಹರ್ ಖಾನಮ್. ಡಬ್ಬೀಲಿ ಪಿಸ್ತಾ ಜಾಸ್ತಿ ಇರೋದನ್ನೇ ಹುಡುಕಿ ತಗೊಂಡ್ರಿ."

ಅವಳಿಗೆ ನಗು ಬಂದುಬಿಟ್ಟಿತು. ಕೂಡಲೇ ಹೆದರಿಕೆಯೂ ಬಂತು. ಅಕ್ಕನೂ ಆ ದಿನ ನಕ್ಕಿದ್ದಳಲ್ಲ!

ಮಧ್ಯಾಹ್ನ ಊಟದ ಅಂಗಡಿಯಲ್ಲಿ ಜನವೋ ಜನ. ಬಿಸಿ ರೊಟ್ಟಿಯ ಮೇಲೆ ಕೊಚ್ಚಿದ ಮಾಂಸ ಬಡಿಸಿ ಮುಂದೆ ಹೋದ ವಯಸ್ಸಾದ ಮಾಣಿ, ತಿರುಗುವಾಗ ಪುದಿನ ಮಜ್ಜಿಗೆಯ ಹೂಜಿಯನ್ನು ಯೂನೆಸನ ಹೆಗಲ ಮೇಲೇ ಚೆಲ್ಲಿಬಿಟ್ಟ. ಇಸ್ತ್ರಿಯ ಗೆರೆ ಇನ್ನೂ ಮಾಸದ ಹೊಸ ಅಂಗಿ.

ಗೌಹರ್ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಮುಷ್ಟಿ ಬಿಗಿಯಿತು. ಗೆಣ್ಣುಗಳು ಬೆಳ್ಳಗಾದವು. ಅವಳು ತನಗೆ ಅರಿವಿಲ್ಲದೆಯೇ ತನ್ನ ಮುಂದಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅವನು ಎದ್ದು ಹೊರಗೆ ಹೋದ. ಬರುವಾಗ ಮುಖ, ಮೊಣಕೈವರೆಗೂ ಕೈ, ಎಲ್ಲ ಒದ್ದೆ. "ಪರವಾಗಿಲ್ಲ ಅಪ್ಪಾಜಿ, ಇನ್ನೊಂದು ಹೂಜಿ ತನ್ನಿ," ಎಂದು ಮಾಣಿಗೆ ಹೇಳಿದ. ಅತ್ತೆ "ಎಂಥಾ ತಾಳ್ಮೆ!" ಎಂದು ಕೊಂಡಾಡಿದರು. ಗೌಹರಳ ಕಣ್ಣಿನಿಂದ ಮಾತ್ರ ಆ ಮುಷ್ಟಿ ಹೋಗಲಿಲ್ಲ.

ಆಲಿ ಕಾಪು ಅರಮನೆಯ ಬಾಗಿಲ ಕಮಾನಿನ ಕೆಳಗೆ ಬಂದಾಗ ಅತ್ತೆಯ ಕಾಲು ಸೋತಿತ್ತು. "ನಾನು ಇಲ್ಲೇ ಕೂತಿರ್ತೀನಿ. ಆ ಮೂಲೆ ಈ ಮೂಲೆ ಪಿಸುಮಾತು ಅಂತಾರಲ್ಲ, ನೀವಿಬ್ರೂ ಮಾಡ್ಕೊಂಡು ಬನ್ನಿ. ನನ್ನ ಕಣ್ಣಿಗೆ ಕಾಣೋ ಹಾಗೇ ಇರಿ," ಎಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದರು.

ಅಲ್ಲಿ ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಸುರಿದರೆ ಎದುರು ಮೂಲೆಯ ಗೋಡೆ ಅದನ್ನು ಕಿವಿಗೆ ತಂದು ಹಾಕುತ್ತದೆ. ನಡುವೆ ಓಡಾಡುವವರಿಗೆ ಏನೂ ಕೇಳದು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತರು. ಗೌಹರ್ ಹಣೆಯನ್ನು ತಣ್ಣನೆಯ ಇಟ್ಟಿಗೆಗೆ ತಾಗಿಸಿದಳು. ಮುಖ ಕಾಣದಿದ್ದಾಗ ಎಲ್ಲಿಂದಲೋ ಧೈರ್ಯ ಬಂತು. ದೇವರೇ, ನಾಲಿಗೆಗೆ ಬಲ ಕೊಡು ಎಂದುಕೊಂಡಳು.

"ಯೂನೆಸ್ ಆಗಾ, ಒಂದು ಕೇಳ್ಲಾ? ತಾರೂಫ್ ಇಲ್ದೆ ಹೇಳ್ಬೇಕು."

"ಕೇಳಿ." ಅವನ ದನಿ ಪಕ್ಕದಲ್ಲೇ ನಿಂತಂತೆ ಬಂತು. ಅವಳ ಬೆನ್ನು ಜುಮ್ಮೆಂದಿತು.

"ಮಜ್ಜಿಗೆ ಚೆಲ್ಲಿದಾಗ ಮುಷ್ಟಿ ಕಟ್ಟಿದ್ರಿ."

"ಕೋಪ ಬಂತು. ನನಗೆ ಕೋಪ ಬರುತ್ತೆ ಗೌಹರ್ ಖಾನಮ್, ಬರಲ್ಲ ಅಂದ್ರೆ ಸುಳ್ಳಾಗುತ್ತೆ. ಕೋಪ ಬಂದ್ರೆ ಎದ್ದು ಹೋಗು, ನಮಾಜಿಗೆ ತೊಳ್ಕೊಳ್ಳೋ ಹಾಗೆ ಕೈಕಾಲು ಮುಖ ತೊಳ್ಕೋ ಅಂತ ಅಜ್ಜ ಕಲಿಸಿದ್ರು. ಒಂದ್ಸಲ ಎದ್ದು ಹೋಗಲಿಲ್ಲ, ತಮ್ಮನ ಮೇಲೆ ಕೈ ಮಾಡಿದೆ. ಅವನು ಬೀಳೋವಾಗ ನನ್ನ ಕಡೆ ನೋಡಿದ. ಆ ನೋಟ ನೆನೆಸ್ಕೊಂಡ್ರೆ ಈಗ್ಲೂ ಹೆದರಿಕೆ ಆಗುತ್ತೆ. ಅವತ್ತಿಂದ ಎದ್ದು ಹೋಗ್ತೀನಿ."

ಪ್ರವಾಸಿಗಳ ಗುಂಪೊಂದು ನಗುತ್ತಾ ನಡುವೆ ಹಾದುಹೋಯಿತು. ಗೌಹರಳ ಉಸಿರು ಇಟ್ಟಿಗೆಗೆ ಬಡಿದು ಅವಳ ಮುಖಕ್ಕೇ ಮರಳುತ್ತಿತ್ತು.

"ಇನ್ನೊಂದು," ಎಂದಳು. "ನಾನು ಬೇಡ ಅಂದ್ರೆ, ಅದನ್ನ ಬೇಡ ಅಂತಲೇ ಕೇಳಿಸ್ಕೊಳ್ತೀರಾ?"

"ಕೇಳಿಸ್ಕೊಳ್ತೀನಿ."

"ಆಣೆ ಬೇಡ. ಸುಮ್ನೆ ಹೇಳಿ."

"ಸುಮ್ನೇ ಹೇಳ್ದೆ."

ಸಂಜೆ ಖಾಜು ಸೇತುವೆಯ ಕೆಳಗಿನ ಕಮಾನುಗಳಲ್ಲಿ ಗಂಡಸರು ಕೂತು ಹಾಡುತ್ತಿದ್ದರು. ಬತ್ತಿಹೋಗಿದ್ದ ಹೊಳೆಗೆ ಆ ವಾರ ನೀರು ಬಿಟ್ಟಿದ್ದರು, ಊರಿಗೆ ಊರೇ ನೀರು ನೋಡಲು ಬಂದಿತ್ತು. ಬಿಸಿಲು ಇಳಿದು ನೀರು ಕೇಸರಿಯಾಯಿತು. ಯೂನೆಸ್ ಕನ್ನಡಕ ಒರೆಸಿದ.

"ಶುಕ್ರವಾರ ನನ್ನ ಅಮ್ಮ ಮಿಠಾಯಿ ತಗೊಂಡು ನಿಮ್ಮ ಮನೆಗೆ ಬರಬಹುದಾ?"

ಅತ್ತೆ ಮೊಣಕೈಯಿಂದ ತಿವಿದರು. ಗೌಹರಳ ನಾಲಿಗೆ ಹುಟ್ಟಿನಿಂದ ಕಲಿತದ್ದನ್ನೇ ಹೇಳಿತು: "ಅಯ್ಯೋ ಬೇಡ, ಅಷ್ಟೆಲ್ಲ ತೊಂದರೆ ಬೇಡ."

ಆ ಬೇಡದಲ್ಲಿ ಅರ್ಧ ರೂಢಿ ಇತ್ತು, ಅರ್ಧ ಹೆದರಿಕೆ. ಇನ್ನೊಮ್ಮೆ ಕೇಳುತ್ತಾನೆ, ಅಷ್ಟರಲ್ಲಿ ಉಸಿರು ತಿರುಗಿಸಿಕೊಳ್ಳೋಣವೆಂದು ಅವಳು ಕಾದಳು.

ಯೂನೆಸ್ ನೀರನ್ನೇ ನೋಡುತ್ತಾ ನಿಂತ. "ಸರಿ," ಎಂದ. ಇನ್ನೇನೂ ಕೇಳಲಿಲ್ಲ. "ಬಸ್ಸಿಗೆ ಹೊತ್ತಾಯ್ತು ಅತ್ತೆ, ಹೊರಡೋಣವಾ?"

ಟ್ಯಾಕ್ಸಿಯಲ್ಲಿ ಅವನು ಮುಂದೆ ಕೂತ. ಅತ್ತೆ ಹಿಂದೆ ಅವಳ ಕಿವಿಗೆ ಬಾಯಿಟ್ಟರು. "ಎರಡನೇ ಸಲ ಯಾಕೆ ಕೇಳ್ಲಿಲ್ಲ ಇವನು? ಇಸ್ಫಹಾನಿನವರಿಗೆ ಮಾತು ಕೂಡ ದುಬಾರಿಯೇನೇ? ಮನಸ್ಸಿಲ್ಲ ಅಂತ ಕಾಣುತ್ತೆ. ಬಿಡು."

ಬೆಳಗಿನಿಂದ ಅವಳ ಹೆದರಿಕೆಯೆಲ್ಲ ಅವನು ತನ್ನ ಬಾಳಿಗೆ ಬಂದುಬಿಟ್ಟರೆ ಎಂದಿತ್ತು. ಈಗ ಮುಂದಿನ ಸೀಟಿನಲ್ಲಿ ಕಾಣುತ್ತಿದ್ದ ಅವನ ಕುತ್ತಿಗೆ, ಒಣಗಿದ ಮಜ್ಜಿಗೆಯ ಕಲೆಯ ಅಂಗಿ, ಇವು ಮತ್ತೆಂದೂ ಕಾಣದಿದ್ದರೆ ಎಂಬ ಹೆದರಿಕೆ ಹುಟ್ಟಿತು. ಇದು ಬೇರೆ ಹೆದರಿಕೆ. ಇದಕ್ಕೆ ಎದೆ ಹೆಪ್ಪುಗಟ್ಟಲಿಲ್ಲ, ಉರಿಯಿತು.

ನಿಲ್ದಾಣದಲ್ಲಿ ಅವನು ಗಜ್ ಡಬ್ಬಿಯನ್ನು ಅತ್ತೆಯ ಕೈಗಿಡಲು ಹೋದ. ಅತ್ತೆ ಬೇಡವೆಂದರು. ಅವನು ಡಬ್ಬಿಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ. ಅತ್ತೆಯ ಬಾಯಿ ತೆರೆದೇ ಉಳಿಯಿತು. "ದೇವರು ನಿಮ್ಮನ್ನ ಕಾಪಾಡಲಿ ಗೌಹರ್ ಖಾನಮ್," ಎಂದು, ತಲೆ ಬಾಗಿಸಿ, ತಿರುಗಿ ನಡೆದ.

ಬಸ್ಸಿನ ಎಂಜಿನ್ ಗುಡುಗಿತು. ಮಸೀದಿಯಿಂದ ಸಂಜೆಯ ಬಾಂಗು ತೇಲಿ ಬಂತು. ಸೀಟಿನಲ್ಲಿ ಕೂತ ಗೌಹರಳಿಗೆ ಅಕ್ಕನ ದನಿ ಕೇಳಿದಂತಾಯಿತು. ಬೇಡ, ಬೇಡ, ಬೇಡ. ಕೇಳಿಸಿಕೊಳ್ಳುವ ಒಬ್ಬನೇ ಒಬ್ಬ ಆ ಮನೆಯಲ್ಲಿ ಆಗ ಇದ್ದಿದ್ದರೆ! ಇಲ್ಲೊಬ್ಬ ಕೇಳಿಸಿಕೊಂಡಿದ್ದಾನೆ. ತನಗೆ ನೋವಾಗುವ ಮಾತನ್ನೂ, ಒಂದೇ ಸಲಕ್ಕೆ.

ಅವಳು ಎದ್ದಳು.

"ಎಲ್ಲಿಗೇ? ಬಸ್ಸು ಹೊರಡ್ತಾ ಇದೆ!"

"ಡ್ರೈವರ್‌ಗೆ ಒಂದ್ನಿಮಿಷ ಅನ್ನಿ ಅತ್ತೆ."

ಗೇಟಿನವರೆಗೂ ಓಡಿದಳು. ತಲೆವಸ್ತ್ರ ಜಾರಿತು, ಎಳೆದುಕೊಂಡಳು. "ಯೂನೆಸ್ ಆಗಾ!"

ಅವನು ತಿರುಗಿದ. ಕನ್ನಡಕ ಕೈಯಲ್ಲಿತ್ತು. ಕಣ್ಣು ಕೆಂಪಾಗಿತ್ತು.

"ಸೇತುವೆ ಹತ್ರ ಹೇಳಿದ್ದು ತಾರೂಫ್," ಎಂದಳು ಏದುಸಿರು ಬಿಡುತ್ತಾ. "ಇನ್ಮೇಲೆ ನಿಮ್ಮ ಹತ್ರ ಮಾಡಲ್ಲ. ಶುಕ್ರವಾರ ನಿಮ್ಮ ಅಮ್ಮ ಬರಲಿ. ನೀವೂ ಬನ್ನಿ. ನನಗೆ ಇನ್ನೂ ಹೆದರಿಕೆ ಇದೆ, ಆದ್ರೂ ಬನ್ನಿ."

"ನನಗೂ ಇದೆ," ಎಂದ ಅವನು.

ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ಏನು ಮಾಡಬೇಕೆಂದು ತಿಳಿಯದೆ ಅವನು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದ. ಗೌಹರ್ ಕೈ ಹಾಕಿ ಒಂದು ತುಂಡು ತೆಗೆದು, ಅಲ್ಲೇ, ಬಸ್ಸಿನವರೆಲ್ಲ ನೋಡುತ್ತಿದ್ದಂತೆ ಬಾಯಿಗೆ ಹಾಕಿಕೊಂಡಳು. ತುಟಿಗೆ ಬಿಳಿ ಹಿಟ್ಟು ಮೆತ್ತಿತು.

"ಏ ಹುಡುಗೀ!" ಅತ್ತೆ ಕಿಟಕಿಯಿಂದ ಅರ್ಧ ಹೊರಬಂದು ಕೂಗಿದರು. "ಮೊದಲನೇ ಸಲಕ್ಕೇ ತಗೊಂಡ್ಬಿಟ್ಯಾ? ನಮ್ಮ ಮರ್ಯಾದೆ!"