ಎಡಗಡೆಯ ಪೆಡಲ್

೧೯೯೦ರಲ್ಲಿ ನಡೆದದ್ದನ್ನು ನಡೆದಷ್ಟೇ ಬರೆಯುತ್ತೇನೆ. ಮರುದಿನ ತಂಗಿ ಪಂಕಜಾಳ ಮೊದಲ ಸೈಕಲ್ ರೇಸು. ಹಡಗಿನ ಕೆಲಸದ ನೆರೆಯವರು, ಮೋನಪ್ಪನವರು, ಪರದೇಶದಿಂದ ತಂದ ಹಳೆಯ ಪೆಡಲ್‌ಗಳು ಅವಕ್ಕೆಂದೇ ಮಾಡಿದ ಶೂ ಸಮೇತ ನಮ್ಮ ಆಂಟಾಪ್ ಹಿಲ್ ಮನೆಗೆ ಬಂದಿದ್ದವು. ಶೂವಿನ ಅಡಿಯ ಕೊಕ್ಕೆ ಪೆಡಲಿನಲ್ಲಿ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಬಿಡದಿದ್ದರೆ ಸೈಕಲ್ ಜೊತೆ ಅವಳೂ ಬೀಳುತ್ತಾಳೆಂದು ನನಗೆ ಭಯ.

ಮಧ್ಯಾಹ್ನವಿಡೀ ಬಾಲ್ಕನಿಯಲ್ಲಿ ಕೂತು ಎರಡನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಚ್ಚಿ, ಸ್ಪ್ರಿಂಗ್ ಸಡಿಲಿಸಿ ಸೈಕಲ್ಲಿಗೆ ಜೋಡಿಸಿದೆ. ಎಡಗಡೆಯದು ನೆರಳಲ್ಲಿದ್ದರೂ ಆಗಷ್ಟೇ ಯಾರೋ ಬಿಟ್ಟ ಚಪ್ಪಲಿಯಂತೆ ಬೆಚ್ಚಗಿತ್ತು. ಕೈ ತೊಳೆಯುತ್ತಿದ್ದಾಗ ಬಾಲ್ಕನಿಯಲ್ಲಿ ಟಕ್ಕೆಂದಿತು.

"ಪಂಕೂ, ಶೂ ಹಾಕ್ಕೊಂಡ್ಯಾ?"

"ಇಲ್ಲ ಕಣೋ ಅಣ್ಣ, ಕೈಯಲ್ಲೇ ಇದೆ. ಟೆನ್ಶನ್ ಬಿಡು ಯಾರ್!"

ಅವಳು ಕುಣಿಯುತ್ತಲೇ ಶೂ ಹಾಕಿ ಸೈಕಲ್ ಏರಿದಳು. ನಾನು ಸೀಟು ಹಿಡಿದುಕೊಂಡೆ. ಬಲಗಾಲು ಸಲೀಸಾಗಿ ಕೂತಿತು.

"ಎಡಗಾಲು ಹೋಗ್ತಿಲ್ಲ ಅಣ್ಣ. ಅಲ್ಲಿ ಏನೋ ಇದೆ."

ನನ್ನದೇ ತಪ್ಪೆಂದುಕೊಂಡು ಬಗ್ಗಿ ನೋಡಿದೆ. ಪೆಡಲ್ ಖಾಲಿಯಾಗಿತ್ತು, ಬೆಚ್ಚಗಿತ್ತು. ಏನೂ ತೋಚದೆ, ಪಂಕಜಾಳಿಗೆ ಬೆಳಗಿನಿಂದ ಹೇಳಿಕೊಟ್ಟದ್ದನ್ನೇ ಅದಕ್ಕೂ ಮೆಲ್ಲಗೆ ಹೇಳಿದೆ: "ಸ್ವಲ್ಪ ಹಿಮ್ಮಡಿ ಹೊರಕ್ಕೆ ತಿರುಗಿಸಿ."

ಟಕ್ಕೆಂದಿತು. ಅವಳ ಕಾಲು ಕೂತಿತು.

ಮರುದಿನ ಅವಳು ಗೆದ್ದಳು! ಓಡಿಹೋಗಿ ಹಿಡಿದುಕೊಂಡೆ. ಅವಳ ಬಲಗಾಲು ಗಡಗಡ ನಡುಗುತ್ತಿತ್ತು. ಎಡಗಾಲು ದಣಿದೇ ಇರಲಿಲ್ಲ.