ಬಂಡಿದಾರಿಗೆ ಬಿದ್ದ ಮುಳ್ಳು

"ಇನ್ನೊಂದು ಅಡಿ ಮುಂದಕ್ಕೆ ಬಂದ್ರೆ ನೋಡಿ... ಟೈರು ನಿಮ್ಮದು, ಮಚ್ಚು ನಂದು!"

ಟೆಂಪೋ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ.

ಹಾಲ್ಕುರಿಕೆ ಕಡೆಯ ಆ ತೆಂಗಿನ ತೋಟದ ಬಂಡಿದಾರಿಗೆ ಅಡ್ಡಲಾಗಿ ಆಳೆತ್ತರ ಜಾಲಿಮುಳ್ಳು ಬಿದ್ದಿತ್ತು. ಮುಳ್ಳಿನಾಚೆ ವೇಲನ್ನು ಸೊಂಟಕ್ಕೆ ಬಿಗಿದು, ಮಚ್ಚು ಹಿಡಿದು ನಿಂತಿದ್ದಳು ಧನ್ಯಶ್ರೀ.

ಡ್ರೈವರ್ ಪಕ್ಕದಿಂದ ಒಬ್ಬ ಇಳಿದ. ಮೋಹನ್ ಕುಮಾರ್!

ಬರುವವನು ಅವನೇ ಎಂದು ಗೊತ್ತಿದ್ದೇ ಅವಳು ಬೆಳಗಿನಿಂದ ಮುಳ್ಳು ಕಡಿದು ಹಾಕಿದ್ದಳು. ಆದರೂ ಆ ಮುಖ ಕಂಡೊಡನೆ ಎದೆ ಧಸಕ್ಕೆಂದಿತು. 'ಹಾಳಾದ ಎದೆ... ಬೈಯುವ ಹೊತ್ತಿನಲ್ಲಿ ಹೀಗೇಕೆ ಬಡಿದುಕೊಳ್ಳುತ್ತದೆ?'

"ಧನ್ಯಶ್ರೀ ಅವ್ರೇ, ಆಚೆ ತೋಟ ಕೊಳ್ಳುವಾಗ ನಿಮ್ಮ ತೋಟದೊಳಗೆ ಈ ದಾರಿ ಇದೆ ಅಂತಲೇ ಹೇಳಿದ್ರು..."

"ಇತ್ತು. ನಮ್ಮ ತಾತ ಬಾಯ್ಮಾತಲ್ಲಿ ಬಿಟ್ಟಿದ್ದ ದಾರಿ. ಈಗ ನಾನು ಬಾಯ್ಮಾತಲ್ಲೇ ಮುಚ್ಚಿದೀನಿ."

"ಇದು ನನಗೋಸ್ಕರ ಅಲ್ಲ ಕಣ್ರೀ. ಬುದ್ಧಿ ಬೆಳವಣಿಗೆ ಕಮ್ಮಿ ಇರೋರು ಇರೋಕೆ ಒಂದು ಆಸರೆ ಮನೆ. ಸೋಮವಾರ ಅಧಿಕಾರಿಗಳು ನೋಡೋಕೆ ಬರ್ತಾರೆ. ಆಂಬುಲೆನ್ಸ್ ಬರೋ ದಾರಿ ಇಲ್ಲ ಅಂದ್ರೆ ಮನೆ ತೆರೆಯೋಕೇ ಬಿಡಲ್ಲ."

"ಅದಕ್ಕೇ ಹಾಕಿರೋದು!"

ಅವನು ದಂಗಾದ. "ಇಷ್ಟು ದ್ವೇಷನಾ?"

"ಅಂಥೋರು ಇರೋ ಮನೆ ಹೆಣ್ಣು ಬೇಡ ಅಂತ ಎದ್ದು ಹೋದ್ರಿ. ಈಗ ಅಂಥೋರಿಗೇ ಮನೆ ಕಟ್ತೀರಾ? ಯಾರ ಕೈಲಿ ಶಾಲು ಹೊದಿಸ್ಕೊಳ್ಳೋಕೆ?"

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತೋಟದೊಳಗಿಂದ ಅವಳ ಅಣ್ಣ ಕಲ್ಲೇಶ್ ಓಡಿ ಬಂದ. ಮೂವತ್ತು ದಾಟಿದ ಆಳು. ಮೈ ಬೆಳೆದಂತೆ ಬುದ್ಧಿ ಬೆಳೆದಿರಲಿಲ್ಲ.

"ಟೆಂಪೋ! ಧನ್ಯಾ, ಮಂಚ ಕಣೇ! ಹೊಸಾ ಮಂಚ! ನಂಗಾ?"

"ಅಲ್ಲ. ನಡಿ ಮನೆಗೆ!"

ಅಣ್ಣನ ಕೈ ಹಿಡಿದು ಎಳೆದುಕೊಂಡು ಹೊರಟವಳು ಹಿಂತಿರುಗಿ ನೋಡಲಿಲ್ಲ. ಟೆಂಪೋ ಹಿಂದಕ್ಕೆ ಹೋಗುವ ಸದ್ದು ಕೇಳಿದಾಗ ಮಾತ್ರ ತುಟಿಯಂಚಿನಲ್ಲಿ ನಕ್ಕಳು.

ನಾಲ್ಕು ವರ್ಷದ ಹಿಂದಿನ ಮಾತು...

ಕಿಬ್ಬನಹಳ್ಳಿಯ ಮೋಹನ್ ಮನೆಯವರು ಅವಳನ್ನು ನೋಡಲು ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವನು ಅವಳನ್ನು ನೋಡಿ ನಕ್ಕಿದ್ದ. ಅವಳಿಗೂ ಅಲ್ಲೇ ಮನಸ್ಸು ಜಾರಿತ್ತು.

ಆದರೆ ಬಿಸ್ಕೆಟ್ ಮುಗಿದು ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ತಲೆಯ ಮೇಲೆ ಗಡಗಡ ಸದ್ದು. ಕೊಬ್ಬರಿಯಾಗಲೆಂದು ಅಟ್ಟದ ತುಂಬ ಹರವಿದ್ದ ತೆಂಗಿನಕಾಯಿಗಳು ಉರುಳುತ್ತಿದ್ದವು.

"ಏನದು?" ಎಂದರು ಬಂದವರು.

"ಹೆಗ್ಗಣ ಕಣ್ರೀ. ಕಾಯಿ ಅಂದ್ಮೇಲೆ ಹೆಗ್ಗಣ ಇರಲ್ವೇ?" ಎಂದು ನಕ್ಕವನು ಸೋದರಮಾವ ಕೆಂಪಯ್ಯ.

ಆಗ ಮೇಲಿನಿಂದ ಕೂಗು ಬಂತು... "ಅಮ್ಮಾ... ಕತ್ಲು... ಬಾಗ್ಲು ತೆಗಿ..."

ಧನ್ಯಶ್ರೀ ತಟ್ಟೆ ಹಿಡಿದವಳು ಹಿಡಿದಂತೆಯೇ ನಿಂತುಬಿಟ್ಟಳು. ಮೋಹನ್ ಅವಳ ಮುಖವನ್ನೊಮ್ಮೆ ನೋಡಿದ, ಲೋಟ ಕೆಳಗಿಟ್ಟ, ಎದ್ದು ಹೋದ.

ಮಾರನೆಯ ದಿನ ಸುದ್ದಿ ಬಂತು. 'ಆ ಹೆಣ್ಣು ಬೇಡ.' ಯಾಕೆಂದು ಹೇಳಲಿಲ್ಲ. ಹೇಳಬೇಕೇ? ಕಿವಿಯಿದ್ದವರಿಗೆಲ್ಲ ಗೊತ್ತಾಗಿತ್ತು. ಆಮೇಲೆ ಆ ಮನೆಯ ಕಡೆ ಯಾವ ಗಂಡೂ ತಲೆ ಹಾಕಲಿಲ್ಲ. ಅಪ್ಪ ಅದೇ ಕೊರಗಿನಲ್ಲಿ ಕಣ್ಣು ಮುಚ್ಚಿದ.

ಸೇಡು ಎಂಬುದು ಅಟ್ಟಕ್ಕೆ ಹಾಕಿದ ಕಾಯಿಯಂತೆ. ಮೇಲೆ ನೋಡಿದರೆ ಏನೂ ತಿಳಿಯದು. ಒಳಗಿನ ನೀರೆಲ್ಲ ಇಂಗಿ, ತಿರುಳು ಗಟ್ಟಿಯಾಗುತ್ತಲೇ ಇರುತ್ತದೆ. ಧನ್ಯಶ್ರೀಯ ಎದೆಯಲ್ಲೂ ಹಾಗೆಯೇ ಆಗಿತ್ತು.

'ಅವನ ತಲೆ ನನ್ನ ಮುಂದೆ ಬಾಗಬೇಕು... ಅವನು ಕಟ್ಟಿದ ಮನೆ ಬಾಗಿಲು ಮುಚ್ಚಿಕೊಂಡೇ ಇರಬೇಕು!'

ಟೆಂಪೋ ತಡೆದ ಮರುದಿನ ಬಿಸಿಲೇರುವ ಹೊತ್ತಿಗೆ ಅಂಗಳದಲ್ಲಿ ಒಬ್ಬ ಮುದುಕಿ ಬಂದು ಕುಸಿದು ಕುಳಿತಳು. ಹುಳಿಯಾರಿನಾಚೆಯ ಹಟ್ಟಿಯವಳು, ಹೆಸರು ಕ್ಯಾತಮ್ಮ. ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದವಳು ನಡುವಯಸ್ಸಿನ ಮಗಳು ಯಮುನಾ. ಅವಳಿಗೆ ಮಾತಿರಲಿಲ್ಲ.

"ಆಸರೆ ಮನೆಗೆ ಎತ್ಲಾಗಿ ಹೋಗ್ಬೇಕು ಕಣವ್ವ? ಬಂಡಿದಾರಿ ತುಂಬ ಮುಳ್ಳು. ಯಾವ ಪಾಪಿ ಹಾಕಿದ್ನೋ... ಇವಳ ಕಾಲೆಲ್ಲ ಗೀರೋಯ್ತು."

ಧನ್ಯಶ್ರೀ ಒಳಗೆ ಹೋದಳು. ನೀರು ತಂದು ಕೊಟ್ಟಳು. ಕಲ್ಲೇಶ್ ಆಗಲೇ ಯಮುನಾಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಅವಳ ಕಾಲಿಗೆ ಉಫ್ ಉಫ್ ಎಂದು ಊದುತ್ತಿದ್ದ.

"ಇಷ್ಟು ದೂರ ಯಾಕಜ್ಜಿ ಬಂದೆ?"

"ನಂಗೆ ಉಸ್ರು ಹಿಡ್ಕಂತದೆ ಕಣವ್ವ. ಯಾವಾಗ ನಿಲ್ತದೋ. ದಿನಾ ದ್ಯಾವ್ರಲ್ಲಿ ಏನ್ ಕೇಳ್ಕಂತೀನಿ ಗೊತ್ತಾ? ಇವಳು ನನಗಿಂತ ಒಂದು ದಿನ ಮುಂಚೆ ಹೋಗ್ಲಿ ಅಂತ. ಹೆತ್ತೋಳು ಕೇಳೋ ಮಾತಾ ಇದು? ಈ ಮನೆ ಸುದ್ದಿ ಕೇಳಿದ್ಮ್ಯಾಕೆ ಹಂಗೆ ಕೇಳೋದು ಬುಟ್ಟೆ."

ಬಾಗಿಲ ಬಳಿ ಏನೋ ಬಿದ್ದ ಸದ್ದಾಯಿತು. ಧನ್ಯಶ್ರೀಯ ತಾಯಿ ಹೊಂಬಾಳಮ್ಮನ ಕೈಯಿಂದ ಮೊರ ಜಾರಿತ್ತು.

"ನಾನೂ ಅದನ್ನೇ ಕೇಳ್ಕೊಳ್ಳೋದು" ಎಂದರು ಅವರು ಮೆಲ್ಲಗೆ. "ಕಲ್ಲೇಶನ್ನ ನನಗಿಂತ ಮುಂಚೆ ಕರ್ಕೊಳಪ್ಪಾ ಅಂತ."

"ಅಮ್ಮಾ!... ನಾನಿಲ್ವಾ?"

"ನೀನಿದೀಯ. ನಿನಗೆ ಅಂತ ಒಂದು ಬದುಕು ಬೇಡ್ವೇನೇ? ನಿಂಗೂ ವಯಸ್ಸಾಗುತ್ತೆ. ಆಮೇಲೆ ಇವನಿಗೆ ಯಾರು?"

ಧನ್ಯಶ್ರೀ ಯಮುನಾಳ ಗೀರಿದ ಕಾಲನ್ನು ನೋಡಿದಳು. ಮುಳ್ಳು ಹಾಕಿದ್ದು ಅವನ ದಾರಿಗೆ. ಚುಚ್ಚಿದ್ದು ಯಾರಿಗೆ?

ತೋಟದೊಳಗಿನ ಕಾಲುದಾರಿಯಲ್ಲಿ ಕ್ಯಾತಮ್ಮನನ್ನೂ ಯಮುನಾಳನ್ನೂ ತಾನೇ ಕರೆದುಕೊಂಡು ಹೋದಳು. ಸಿಟ್ಟು ಮಾತ್ರ ಇಳಿದಿರಲಿಲ್ಲ. 'ಅಜ್ಜಿಗೋಸ್ಕರ ಬಂದಿದ್ದು. ಅವನ ಮುಖ ನೋಡೋಕಲ್ಲ!'

ಹೊಸ ಮನೆಯ ಜಗುಲಿಯಲ್ಲಿ ಒಬ್ಬ ಹೆಂಗಸು ಗಿಡಕ್ಕೆ ನೀರು ಹಾಕುತ್ತಿದ್ದಳು. ಇವರನ್ನು ಕಂಡದ್ದೇ ತಂಬಿಗೆ ಬಿಟ್ಟು ಬಾಗಿಲಿಗೆ ಓಡಿದಳು.

"ಮೋನಾ... ನೆಂಟ್ರು ಬಂದ್ರು! ನಾನು ಒಳಗೆ ಹೋಗ್ಬೇಕಾ? ಬಚ್ಚಿಟ್ಕೋಬೇಕಾ?"

"ಬೇಡಕ್ಕಾ. ಇಲ್ಲೇ ಇರು. ಇದು ನಿನ್ನ ಮನೆ." ಮೋಹನ್ ಹೊರಗೆ ಬಂದ. ಧನ್ಯಶ್ರೀಯನ್ನು ಕಂಡು ನಿಂತುಬಿಟ್ಟ.

"ಯಾರಿವ್ರು?" ಧನ್ಯಶ್ರೀ ಕೇಳಿದಳು.

"ನಮ್ಮಕ್ಕ. ಭವ್ಯಶ್ರೀ."

ಕ್ಯಾತಮ್ಮ ಮಗಳ ಜೊತೆ ಒಳಗೆ ಹೋದಳು. ಜಗುಲಿಯಲ್ಲಿ ಇವರಿಬ್ಬರೇ ಉಳಿದರು.

"ನೆಂಟರು ಬಂದಾಗೆಲ್ಲ ನಮ್ಮ ದೊಡ್ಡಮ್ಮ ಅಕ್ಕನ್ನ ದನದ ಕೊಟ್ಟಿಗೆಗೆ ಕೂಡಿ ಹಾಕೋರು" ಎಂದ ಮೋಹನ್. "ಅವಳ ಕೂಗು ಕೇಳ್ಕೊಂಡೇ ಬೆಳೆದೋನು ನಾನು. ಅವತ್ತು ನಿಮ್ಮ ಅಟ್ಟದಿಂದ ಅದೇ ಕೂಗು ಬಂತು. ನಿಮ್ಮ ಮಾವ ಹೆಗ್ಗಣ ಅಂದ್ರು. ನೀವು ತಟ್ಟೆ ಹಿಡ್ಕೊಂಡು ಸುಮ್ನೆ ನಿಂತಿದ್ರಿ... ಸ್ವಂತ ಅಣ್ಣನ್ನೇ ಹೆಗ್ಗಣ ಅನ್ನಿಸೋಳು ನಮ್ಮಕ್ಕನ್ನ ಏನ್ ಮಾಡ್ತಾಳೋ ಅಂತ..."

"ನಂಗೆ ಗೊತ್ತೇ ಇರಲಿಲ್ಲ!" ಅವಳು ಕಿರುಚಿದಳು. "ಅಣ್ಣ ಮಠಕ್ಕೆ ಹೋಗವ್ನೆ ಅಂದಿದ್ದ ಮಾವ. ನೀವು ಎದ್ದು ಹೋದ ತಕ್ಷಣ ಏಣಿ ಹತ್ತಿ ಬಾಗಿಲು ತೆಗೆದೋಳು ನಾನು. ಮೈಯೆಲ್ಲ ಹೊಗೆ ಮಸಿ ಮೆತ್ಕೊಂಡು ಅಳ್ತಾ ಕೂತಿದ್ದ. ಮಾವಂಗೆ ಅವತ್ತೇ ಹೊಸ್ಲು ತೋರಿಸ್ದೆ!"

ಮೋಹನ್ ಮುಖ ಬಿಳಿಚಿತು. "ಧನ್ಯಾ..."

"ತಡೀರಿ! ನನಗೆ ಕೇಳಿಸ್ದಂಗೇ ನಿಮಗೂ ಕೇಳಿಸ್ತಲ್ಲ? ಏಣಿ ನಿಮ್ಮ ಪಕ್ಕದಲ್ಲೇ ಇತ್ತಲ್ಲ? ಅಷ್ಟು ಕರುಳಿರೋರು ನೀವ್ಯಾಕೆ ಹತ್ತಲಿಲ್ಲ?"

ಮೋಹನ್ ಬಗ್ಗಿ, ಅಕ್ಕ ಬಿಟ್ಟು ಹೋದ ತಂಬಿಗೆ ಎತ್ತಿಟ್ಟ.

"ಹೋಗ್ಲಿ. ಅವತ್ತು ನಿಮ್ಮ ಮನೇರೆಲ್ಲ ಬಂದಿದ್ರಿ. ನಿಮ್ಮಕ್ಕ ಎಲ್ಲಿದ್ರು?"

"ದೊಡ್ಡಮ್ಮನ ಹತ್ರ... ಬಿಟ್ಟು ಬಂದಿದ್ವಿ."

"ಕೊಟ್ಟಿಗೇಲಾ?"

ಅವನ ತಲೆ ಬಾಗಿತು.

ನಾಲ್ಕು ವರ್ಷ ಅವಳು ಕಾದಿದ್ದು ಇದಕ್ಕೇ ಅಲ್ಲವೇ? ಸುಳ್ಳೇಕೆ, ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆ ಬಾಗಿದ ಆ ತಲೆಯ ಮೇಲೆ ಕೈಯಿಡಬೇಕೆನಿಸಿತು. ತನ್ನ ಕೈಯನ್ನು ತಾನೇ ಹಿಡಿದುಕೊಂಡಳು.

"ಅವತ್ತು ಮನೆಗೆ ಹೋದವನೇ ಕೊಟ್ಟಿಗೆ ಬಾಗಿಲು ಕಿತ್ತು ಹಾಕ್ದೆ" ಎಂದ ಅವನು. "ಆದ್ರೆ ನಿಮ್ಮ ಅಟ್ಟದ ಬಾಗಿಲು ತೆಗೀದೆ ಬಂದೆನಲ್ಲ, ಅದು ನಿದ್ದೆ ಮಾಡೋಕೆ ಬಿಡಲಿಲ್ಲ. ಮನೆ ಕಟ್ಟೋದಾದ್ರೆ ಕಲ್ಲೇಶಣ್ಣಂಗೆ ನಡೆದು ಬರೋಷ್ಟು ಹತ್ರ ಕಟ್ಬೇಕು ಅಂತ ಈ ತೋಟಾನೇ ಕೊಂಡೆ. ನನ್ನನ್ನ ಕ್ಷಮಿಸಿ..."

"ಕ್ಷಮಿಸ್ಬೇಕಾದೋಳು ನಾನಲ್ಲ. ಅಣ್ಣ ಮನೇಲವ್ನೆ. ಬನ್ನಿ!"

ಕಲ್ಲೇಶ್ ಅಂಗಳದಲ್ಲಿ ತೆಂಗಿನ ಮಟ್ಟೆ ಜೋಡಿಸುತ್ತಿದ್ದ. ಮೋಹನ್ ಅವನ ಎದುರು ನೆಲದ ಮೇಲೆ ಕುಳಿತ.

"ಕಲ್ಲೇಶಣ್ಣ, ಅವತ್ತು ನೀನು ಕೂಗ್ದೆ. ನಾನು ಬರಲಿಲ್ಲ. ತಪ್ಪಾಯ್ತು."

ಕಲ್ಲೇಶ್ ಅವನನ್ನು ದಿಟ್ಟಿಸಿದ. "ನೀನು ಬಿಸ್ಕೆಟ್ ತಿಂದೆ."

"ಹಾಂ?"

"ಹಲಗೆ ಸಂದೀಲಿ ನೋಡ್ದೆ. ಎರಡು ತಿಂದೆ. ನಂಗೆ ಕೊಡ್ಲಿಲ್ಲ."

ಮೋಹನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಕೇಳಿದ. "ಕೊಡ್ತೀನಿ. ಈಗ ಹೇಳು, ನಿಂಗೆ ಎಲ್ಲಿರೋಕೆ ಇಷ್ಟ? ಇಲ್ಲೇನಾ? ಹೊಸ ಮನೇಲಾ?"

ಧನ್ಯಶ್ರೀ ಬೆಚ್ಚಿದಳು. ಅಣ್ಣನನ್ನು ಉಣ್ಣಿಸಿದ್ದಳು, ಮೀಯಿಸಿದ್ದಳು, ಅವನಿಗಾಗಿ ಊರನ್ನೇ ಎದುರು ಹಾಕಿಕೊಂಡಿದ್ದಳು. ಈ ಒಂದು ಮಾತನ್ನು ಮಾತ್ರ ಯಾವತ್ತೂ ಕೇಳಿರಲಿಲ್ಲ!

ಕಲ್ಲೇಶ್ ಬೆರಳು ಮಡಚಿ ಎಣಿಸಿದ. "ಅಮ್ಮನ ಹತ್ರ ಊಟ. ಅಲ್ಲಿ ನಿದ್ದೆ. ನಂಗೇ ರೂಮು. ಚಿಲಕ ಒಳಗಡೆ ಇರ್ಬೇಕು. ನಾನೇ ಹಾಕ್ಕೋತೀನಿ. ಹೊರಗಡೆ ಚಿಲಕ ಬ್ಯಾಡ."

"ನನ್ನ ಬಿಟ್ಟು ಹೋಗ್ತೀಯೇನೋ?" ಧನ್ಯಶ್ರೀಯ ಕಣ್ಣು ತುಂಬಿತು.

"ನೀನೂ ಬಾ. ಕಾಫಿಗೆ. ಬಾಗ್ಲು ತಟ್ಟಿ ಬರ್ಬೇಕು."

ಅವಳು ಅಳುತ್ತಲೇ ನಕ್ಕಳು. ಮಚ್ಚು ತೆಗೆದುಕೊಂಡು ಬಂಡಿದಾರಿಗೆ ನಡೆದಳು. ಮೋಹನ್ ಬರಿಗೈಯಲ್ಲೇ ಮುಳ್ಳು ಎಳೆಯತೊಡಗಿದ.

"ದಾರಿ ಬಿಟ್ಟಿದ್ದು ಅವರಿಗೆ. ನಿಮಗಲ್ಲ, ತಿಳೀತಾ?"

"ತಿಳೀತು."

"ಕೈಯೆಲ್ಲ ರಕ್ತ ಆಗ್ತಿದೆ."

"ಆಗ್ಲಿ ಬಿಡಿ."

"ಆಗ್ಲಿ" ಎಂದವಳೇ ವೇಲಿನ ತುದಿ ಹರಿದು ಅವನ ಕೈಗೆ ಕಟ್ಟಿದಳು. ಬೇಕೆಂದೇ ಬಿಗಿಯಾಗಿ ಎಳೆದು ಗಂಟು ಹಾಕಿದಳು. ಅವನು ಹಾ ಎಂದ. ಅವಳಿಗೆ ಸಮಾಧಾನವಾಯಿತು.

ಸೋಮವಾರ ಅಧಿಕಾರಿಗಳ ಜೀಪು ಸಲೀಸಾಗಿ ಹೋಯಿತು. ಒಪ್ಪಿಗೆ ಸಿಕ್ಕಿತು. ಪ್ರತಿ ಕೋಣೆಗೂ ಒಳಗಡೆ ಚಿಲಕ. ಹೊರಗೆ ನಿಂತವರು ತುರ್ತಿಗೆ ಕೀಲಿಯಿಂದ ತೆಗೆಯುವಂಥದ್ದು. ಯಮುನಾ ಕಿಟಕಿ ಪಕ್ಕದ ಕೋಣೆ ಹಿಡಿದಳು. ಕ್ಯಾತಮ್ಮನಿಗೂ ಅಲ್ಲೇ ಒಂದು ಮಂಚ.

ಆ ಸಂಜೆ ಮೋಹನ್ ತಡವರಿಸುತ್ತಾ ಕೇಳಿದ. "ಧನ್ಯಾ... ನಮ್ಮೋರನ್ನ ಮತ್ತೆ ಕರ್ಕೊಂಡು ಬರ್ಲಾ? ಹೆಣ್ಣು ಕೇಳೋಕೆ?"

"ಬೇಡ! ತಟ್ಟೆ ಹಿಡ್ಕೊಂಡು ನಾನು ಇನ್ನೊಂದ್ಸಲ ನಿಲ್ಲಲ್ಲ. ಈ ಸಲ ನಾವು ಬತ್ತೀವಿ. ಗಂಡು ನೋಡೋಕೆ!"

ಸುದ್ದಿ ಕೇಳಿ ಕೆಂಪಯ್ಯ ಪಂಚೆ ಉಟ್ಟು ಓಡಿ ಬಂದ. "ಸೋದರಮಾವ ಇಲ್ದೆ ಹೆಂಗಮ್ಮ ಹೋಗ್ತೀರಾ?"

"ಅಟ್ಟದಲ್ಲಿ ಹೆಗ್ಗಣ ಜಾಸ್ತಿ ಆಗವೆ ಮಾವ. ನೀವು ಕಾಯ್ತಾ ಕೂತ್ಕೊಳ್ಳಿ" ಎಂದಳು ಧನ್ಯಶ್ರೀ.

ಕಿಬ್ಬನಹಳ್ಳಿಯ ಮನೆಯಲ್ಲಿ ಜಮಖಾನದ ನಡುವೆ, ಹಿರಿಯರು ಕೂರುವ ಜಾಗದಲ್ಲಿ ಕಲ್ಲೇಶ್ ಕುಳಿತ. ಎದುರಿಗೆ ಭವ್ಯಶ್ರೀ, ಹೊಸ ಸೀರೆಯಲ್ಲಿ. ಮೋಹನ್ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ. ತಲೆ ತಗ್ಗಿಸಿ ನಿಂತ.

"ತಲೆ ಎತ್ತಪ್ಪ, ಮುಖ ನೋಡ್ಬೇಕು" ಎಂದರು ಹೊಂಬಾಳಮ್ಮ.

"ಹಾಡು ಬತ್ತದಾ?" ಎಂದ ಕಲ್ಲೇಶ್ ಗತ್ತಿನಿಂದ.

ಮೋಹನ್ ಹಾಡಿದ. ಅಷ್ಟು ಕೆಟ್ಟದಾಗಿ ಯಾರೂ ಹಾಡಿರಲಿಕ್ಕಿಲ್ಲ. ಭವ್ಯಶ್ರೀ ಚಪ್ಪಾಳೆ ತಟ್ಟಿ ಗಟ್ಟಿಯಾಗಿ ನಕ್ಕಳು. ಮೂಲೆಯಲ್ಲಿದ್ದ ದೊಡ್ಡಮ್ಮ 'ಶ್' ಎನ್ನಲು ಬೆರಳೆತ್ತಿದವಳು, ಧನ್ಯಶ್ರೀಯ ಕಣ್ಣು ಕಂಡು ಬೆರಳು ಇಳಿಸಿದಳು.

ಹಿತ್ತಲಿನ ತೆಂಗಿನ ಮರದಡಿ ಇಬ್ಬರನ್ನೂ ಮಾತಾಡಲು ಬಿಟ್ಟರು.

"ಒಪ್ಪಿಗೆನಾ?" ಎಂದ ಮೋಹನ್.

"ಹೇಳಿ ಕಳಿಸ್ತೀವಿ."

"ಯಾವಾಗ?"

"ನಾಲ್ಕು ವರ್ಷ ಆಗುತ್ತೆ. ನೀವೂ ಒಸಿ ಬೇಯ್ರಿ!"

ಅವನು ನಗಲಿಲ್ಲ. ಅವಳನ್ನೇ ನೋಡುತ್ತಾ ಹೇಳಿದ. "ಆಗ್ಲಿ ಧನ್ಯಾ. ಕಾಯ್ತೀನಿ."

ಅವನು ನಿಜವಾಗಿಯೂ ಕಾಯುತ್ತಾನೆ ಎಂಬುದು ಆ ಕಣ್ಣಲ್ಲೇ ಕಂಡಿತು. ಮುಳ್ಳು ಗೀರಿದ ಅವನ ಅಂಗೈಯನ್ನು ಅವಳು ಮೆಲ್ಲಗೆ ಕೈಗೆ ತೆಗೆದುಕೊಂಡಳು.

"ಅಯ್ಯೋ ದಡ್ಡ... ಅಷ್ಟು ದಿನ ಕಾಯೋಕೆ ನನ್ ಕೈಲಾಗ್ಬೇಕಲ್ರೀ!"